ರೇಡಿಯೇಟರಿನ ಮುಂದೊಂದು ರಟ್ಟು

ನನ್ನ ಗ್ಯಾರೇಜಿನ ಗೋಡೆಯ ಮೇಲೆ, ಈ ಮೂಲೆಯ ಮೊಳೆಯಿಂದ ಆ ಮೂಲೆಯ ಮೊಳೆಗೆ, ಒಂದು ತಂತಿ ಬಿಗಿದಿತ್ತು. ಅದರ ತುಂಬ ಥರ್ಮೋಸ್ಟಾಟ್ ವಾಲ್ವುಗಳು. ಅರವತ್ತು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟಿದ್ದೆ. ಬೀದರಿನ ಚಿದ್ರಿಗೆ ಬಂದು ಹಾವಗೆಪ್ಪನ ಗ್ಯಾರೇಜ್ ಎಲ್ಲಿ ಅಂತ ಕೇಳಿದರೆ, ವಾಲ್ವುಗಳ ತೋರಣ ಕಟ್ಟಿದ್ದಾನಲ್ಲ, ಅದೇ ಅಂತ ತೋರಿಸುತ್ತಿದ್ದರು. ನನಗೆ ಅದರ ಹಮ್ಮು ಇತ್ತು. ಈಗ ಮುಚ್ಚಿಟ್ಟು ಏನು ಮಾಡಲಿ.

ಈ ವಾಲ್ವ್ ಏನು ಮಾಡುತ್ತದೆ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ತಪ್ಪು ಯಾರಿಗೂ ತಿಳಿಯುವುದಿಲ್ಲ. ಇಂಜಿನ್ನಿನ ನೀರು ರೇಡಿಯೇಟರಿಗೆ ಹೋಗುವ ದಾರಿಯಲ್ಲಿ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿ ಅದು ಕೂತಿರುತ್ತದೆ. ಇಂಜಿನ್ ಕಾಯುವವರೆಗೆ ಬಾಗಿಲು ಮುಚ್ಚಿಕೊಂಡಿರುತ್ತದೆ. ಕಾದ ಮೇಲೆ ತೆರೆದುಕೊಂಡು, ನೀರನ್ನು ಆರಿಸಿಕೊಂಡು ಬರಲು ರೇಡಿಯೇಟರಿಗೆ ಬಿಡುತ್ತದೆ. ನಮ್ಮ ಬೇಸಿಗೆಯಲ್ಲಿ, ಔರಾದ ರಸ್ತೆಯಲ್ಲಿ ಮಂದಿಯನ್ನು ತುಂಬಿಕೊಂಡು ಓಡುವ ಜೀಪಿನಲ್ಲಿ ಈ ಬಾಗಿಲು ಒಮ್ಮೆ ಕಚ್ಚಿಕೊಂಡಿತೆಂದರೆ ಮುಗಿಯಿತು, ನೀರು ಕುದಿದು ಬಾನೆಟ್ಟಿನಿಂದ ಹಬೆ ಏಳುತ್ತದೆ. ಇದಕ್ಕೆ ನಾನು ಹಿಡಿದುಕೊಂಡಿದ್ದ ಮದ್ದು ಒಂದೇ. ವಾಲ್ವನ್ನು ಕಿತ್ತು ತಂತಿಗೆ ಪೋಣಿಸುವುದು. ಆಮೇಲೆ ನೀರು ಹಗಲೂ ರಾತ್ರಿ ತಿರುಗುತ್ತಲೇ ಇರುತ್ತದೆ, ಇಂಜಿನ್ ತಣ್ಣಗಿರುತ್ತದೆ. ಹಾವಗೆಪ್ಪ ಕೈ ಹಚ್ಚಿದ ಗಾಡಿ ಕುದಿಯುವುದಿಲ್ಲ ಅಂತ ಹೆಸರಾಯಿತು.

ನನಗೆ ಕೆಲಸ ಕಲಿಸಿದ ಉಸ್ತಾದ್ ಭಾಲ್ಕಿಯ ಮುಜೀಬೋದ್ದೀನ ಸಾಹೇಬರು. ಅವರಿಗೆ ಇದು ಸೇರುತ್ತಿರಲಿಲ್ಲ. "ಕೆಟ್ಟದ್ದು ತೆಗೀ, ಬ್ಯಾಡ ಅನ್ನಂಗಿಲ್ಲ. ಆ ಜಾಗಾದಾಗ ಹೊಸಾದು ಹಾಕು. ಇಂಜಿನ್ನಿಗೂ ಜರಾ ಬಿಸಿ ಬೇಕಾಗ್ತದ," ಅನ್ನುತ್ತಿದ್ದರು. ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಒಮ್ಮೆ ನಾಲ್ಕು ಜನರ ಎದುರಿಗೆ ಇದೇ ಮಾತು ಹೇಳಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಅವತ್ತಿನಿಂದ ಅವರ ಅಂಗಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟೆ. ಆರು ವರ್ಷವಾಗಿತ್ತು.

ದತ್ತಾತ್ರಿ ಠಾಣಾ ಕುಶನೂರದವನು. ಕುರಿ ಸಾಕುವ ಮನೆತನ. ಕುರಿಗಳನ್ನು ತಮ್ಮ ಕೈಲಾಶನಿಗೆ ಒಪ್ಪಿಸಿ, ಇವನು ಒಂದು ಜೀಪು ಇಟ್ಟುಕೊಂಡು ಕುಶನೂರದಿಂದ ಸಂತಪುರದ ಮೇಲೆ ಬೀದರಿಗೆ ಜನರನ್ನು ಸಾಗಿಸುತ್ತಿದ್ದ. ದಿಲ್ಲಿಯ ಕಡೆಯಿಂದ ಬಂದ ಹಳೆಯ ಗಾಡಿ, ಹಾಗಾಗಿ ಅದರಲ್ಲಿ ಹೀಟರ್ ಇತ್ತು. ನಮ್ಮಲ್ಲಿ ಆ ಗುಂಡಿಯನ್ನು ಮುಟ್ಟುವವರು ಯಾರು? ಹೋದ ಏಪ್ರಿಲ್‌ನಲ್ಲಿ ಜೀಪಿನ ನೀರು ಕುದಿಯಿತು, ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದ. ಅರ್ಧ ತಾಸಿನಲ್ಲಿ ನಾನು ವಾಲ್ವ್ ಕಿತ್ತೆ. "ಇನ್ನ ಇದು ಜಲ್ಮದಾಗ ಕುದಿಯಂಗಿಲ್ಲ, ಹೋಗು," ಅಂದೆ. ಅವನು ನಗುತ್ತಾ ಹೋದ. ಅವನ ವಾಲ್ವನ್ನು ನಾನು ತಂತಿಯ ಎಡ ತುದಿಗೆ ಪೋಣಿಸಿದ್ದೆ.

ಅವನು ಮತ್ತೆ ಬಂದದ್ದು ಡಿಸೆಂಬರಿನ ಒಂದು ಗುರುವಾರ ಮಧ್ಯಾಹ್ನ. ಬೀದರಿನ ಚಳಿಯನ್ನು ಕೆಳಗಿನ ಊರಿನವರು ನಂಬುವುದಿಲ್ಲ. ಬಯಲು ಸೀಮೆ, ತಡೆಯುವ ಗುಡ್ಡ ಇಲ್ಲ, ಗಿಡ ಇಲ್ಲ, ಗಾಳಿ ನೇರವಾಗಿ ಬಂದು ಎಲುಬಿಗೆ ಕೈ ಹಾಕುತ್ತದೆ. ಮಧ್ಯಾಹ್ನ ಎರಡಕ್ಕೂ ನಾನು ಸ್ವೆಟರ್ ಬಿಚ್ಚಿರಲಿಲ್ಲ.

"ಅಣ್ಣಾ, ಹೀಟರ್ ಭಾಳ ಕಮ್ಜೋರ್ ಆಗ್ಯದರಿ," ಅಂದ ದತ್ತಾತ್ರಿ.

ನನಗೆ ನಗು ಬಂತು. "ಹೀಟರ್ ತಗೊಂಡು ಏನ್ ಮಾಡ್ತೀಯೋ? ಸೀಟಿನ ಮ್ಯಾಲ ಕುರಿಮರಿ ಕುಂದ್ರಿಸಿಕೊಂಡು ಹೋಗ್ತೀಯೇನು?"

ಅವನು ನಗಲಿಲ್ಲ. "ಮನಿಯವರಿಗೆ ರೀ. ದಸರಾ ಆದ ಮ್ಯಾಲ ಡಯಾಲಿಸಿಸ್ ಚಾಲೂ ಆಗ್ಯದ. ಎರಡೂ ಕಿಡ್ನಿ ಹೋಗ್ಯಾವ್ರಿ ಅಕಿವು."

ಆಗ ಗೊತ್ತಾಯಿತು. ಅವನ ಹೆಂಡತಿ ಚಂದ್ರಭಾಗಾಳಿಗೆ ಬೀದರಿನ ದವಾಖಾನೆಯಲ್ಲಿ ವಾರಕ್ಕೆ ಎರಡು ಪಾಳಿ, ಸೋಮವಾರ ಮತ್ತು ಗುರುವಾರ. ಮಧ್ಯಾಹ್ನ ಒಳಗೆ ಹೋದರೆ ಹೊರಗೆ ಬರುವುದು ಸಂಜೆ ಐದಕ್ಕೆ. ಯಂತ್ರದಲ್ಲಿ ರಕ್ತ ತಿರುಗಿ ಬಂದ ಮೇಲೆ ಅವಳಿಗೆ ಮೈಯೆಲ್ಲ ಥರಥರ. ಅದೇ ಹೊತ್ತಿಗೆ ಹೊರಗೆ ಚಳಿ ಇಳಿಯುತ್ತಿತ್ತು, ಮನೆ ಮುಟ್ಟಲು ಒಂದೂವರೆ ತಾಸಿನ ಹಾದಿ.

"ಮೊನ್ನೆ ಅಂದಳು, ಸೂಜಿ ತಡಕೋತೇನಿ, ಈ ಥಂಡಿ ತಡಕೊಳ್ಳಾಕ ಆಗಂಗಿಲ್ಲ, ನಾ ಇನ್ನ ಹೋಗಂಗಿಲ್ಲ ಅಂತ. ಡಾಕ್ಟರ್ ಹೇಳ್ಯಾರ, ಒಂದು ಪಾಳಿನೂ ತಪ್ಪಿಸೋಹಂಗಿಲ್ಲ. ಹ್ಯಾಂಗರ ಮಾಡಿ ಹೀಟರ್ ಕಾಯೋಹಂಗ ಮಾಡ್ರಿ."

ಇದ್ದ ಕೆಲಸವನ್ನೆಲ್ಲ ಬದಿಗಿಟ್ಟು ಬಾನೆಟ್ ಎತ್ತಿದೆ. ಬ್ಲೋವರ್ ಬಿಚ್ಚಿ ಧೂಳು ಊದಿದೆ. ಗುಂಡಿಯ ಕೇಬಲ್ ಸಡಿಲಾಗಿತ್ತು, ಎಳೆದು ಬಿಗಿದೆ. ಪೈಪುಗಳ ಕ್ಲಿಪ್ ಬದಲಾಯಿಸಿದೆ. ಹದಿನೈದು ನಿಮಿಷ ಇಂಜಿನ್ ಚಾಲೂ ಇಟ್ಟಾಗ ಕಾಲ ಹತ್ತಿರ ಬಿಸಿ ಗಾಳಿ ಬಂತು. ದತ್ತಾತ್ರಿ ಎರಡೂ ಅಂಗೈ ಒಡ್ಡಿ ನೋಡಿದ. ಅವನ ಮುಖ ಅರಳಿದ್ದು ಕಂಡು ನನಗೂ ಹಿತವಾಯಿತು.

ಸೋಮವಾರ ಮತ್ತೆ ಬಂದ. "ಇಲ್ಲಿ ಬಿಸಿ ಬರ್ತದ, ಹಾದ್ಯಾಗ ಮತ್ತ ಥಂಡ್ ಆಗ್ತದರಿ ಅಣ್ಣಾ."

ಗ್ಯಾರೇಜಿನಲ್ಲಿ ಬೇರೆ ಇಬ್ಬರು ಗಿರಾಕಿಗಳು ಕೂತಿದ್ದರು. ನನಗೆ ಎಲ್ಲಿಂದ ಬಂತೋ ಸಿಟ್ಟು. "ಹೀಟರ್ ಹಚ್ಚೋದಾದ್ರೂ ಗೊತ್ತದೇನೋ ನಿನಗ? ಕಿಟಕಿ ತೆಗೆದಿಟ್ಟು ಹೀಟರ್ ಹಚ್ಚಿದ್ರ ಹ್ಯಾಂಗ ಕಾಯ್ತದ?"

"ಕಿಟಕಿಗೆ ಕಂಬಳಿ ಬಡದೀನ್ರಿ," ಅಂದ ಮೆಲ್ಲಗೆ.

ಹೋಗಿ ನೋಡಿದೆ. ಮುಂದಿನ ಸೀಟಿನ ಕಿಟಕಿಯ ರಬ್ಬರು ಪಟ್ಟಿಗೆ, ಅವನದೇ ಕುರಿಗಳ ಉಣ್ಣೆಯ ಕರಿ ಕಂಬಳಿಯನ್ನು ಸಣ್ಣ ಮೊಳೆ ಹೊಡೆದು ಕೂಡಿಸಿದ್ದ. ಒಂದು ಸಂದು ಬಿಟ್ಟಿರಲಿಲ್ಲ. ನನಗೆ ನಾಚಿಕೆಯಾಯಿತು. ಸಂಜೆ ಅವರ ಜೊತೆ ಸಂತಪುರದವರೆಗೆ ಬಂದು ಹಾದಿಯಲ್ಲೇ ನೋಡುತ್ತೇನೆ, ಅಲ್ಲಿಂದ ಬಸ್ಸಿಗೆ ತಿರುಗಿ ಬರುತ್ತೇನೆ ಅಂದೆ.

ಐದಕ್ಕೆ ದವಾಖಾನೆಯ ಬಾಗಿಲಲ್ಲಿ ಚಂದ್ರಭಾಗಾಳನ್ನು ಮೊದಲ ಸಲ ಕಂಡೆ. ನಲವತ್ತು ಇರಬಹುದು. ಗಟ್ಟಿ ಎಲುಬಿನ ಹೆಂಗಸು, ಈಗ ಮೈಯಲ್ಲಿ ಎಲುಬಷ್ಟೇ ಉಳಿದಿತ್ತು. ಎರಡು ಕಂಬಳಿ ಹೊದ್ದಿದ್ದಳು, ಆದರೂ ಹಲ್ಲು ಕಟಕಟ ಅನ್ನುತ್ತಿತ್ತು. ಗಂಡ ಅವಳನ್ನು ಮುಂದಿನ ಸೀಟಿಗೆ ಎತ್ತಿ ಕೂಡಿಸಿದ. ನಾನು ಹಿಂದೆ ಕೂತೆ.

"ನಮ್ಮ ಕುರಿ ಉಣ್ಣಿ ಎಲ್ಲಾ ನನ್ನ ಮೈಮ್ಯಾಲೇ ಅದರಿ ಅಣ್ಣಾ," ಅಂದಳು ನನ್ನ ಕಡೆ ತಿರುಗಿ. "ಕುರಿನೇ ಆಗಿಬಿಟ್ಟೀನಿ. ಆದ್ರೂ ಒಳಗಿನ ಥಂಡಿ ಹೋಗವಲ್ದು."

ಊರಿನೊಳಗೆ ಹೀಟರ್ ಚೆನ್ನಾಗಿಯೇ ಊದಿತು. ಅವಳು ಕಾಲು ಮುಂದೆ ಚಾಚಿದಳು. ಊರು ಬಿಟ್ಟು ಜೀಪು ವೇಗ ಹಿಡಿಯಿತು. ತೊಗರಿ ಹೊಲಗಳ ಮೇಲಿಂದ ಗಾಳಿ ಬಡಿಯತೊಡಗಿತು. ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಅವಳು ಕಾಲನ್ನು ಮತ್ತೆ ಸೀಟಿನ ಮೇಲೆ ಎಳೆದುಕೊಂಡಳು. ನಾನು ದತ್ತಾತ್ರಿಯ ಭುಜದ ಮೇಲಿಂದ ಮೀಟರ್ ಕಡೆ ನೋಡಿದೆ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ತಳಕ್ಕೆ ಮಲಗಿತ್ತು.

ಹೀಟರಿಗೆ ಬಿಸಿ ಬರುವುದು ಇಂಜಿನ್ನಿನ ನೀರಿನಿಂದ. ಆ ನೀರನ್ನು ಕಾಯಲು ಬಿಡುವ ವಾಲ್ವ್ ನನ್ನ ತಂತಿಯಲ್ಲಿ ತೂಗುತ್ತಿತ್ತು. ನಿಂತಾಗ ಗಾಳಿ ಇಲ್ಲ, ನೀರು ಕಾಯುತ್ತದೆ. ಓಡುವಾಗ ಈ ಚಳಿಗಾಳಿ ರೇಡಿಯೇಟರಿಗೆ ಬಡಿದು ಎಲ್ಲ ಬಿಸಿಯನ್ನೂ ಒಯ್ದುಬಿಡುತ್ತದೆ. ಹೀಟರ್ ಕೆಟ್ಟೇ ಇರಲಿಲ್ಲ. ನಾನೇ ಅದರ ಹೊಟ್ಟೆಗೆ ಹೊಡೆದಿದ್ದೆ.

ಹೇಳಬೇಕಿತ್ತು. ನಾಲಿಗೆಯ ತುದಿಗೂ ಬಂತು. ಹಾದಿಯಲ್ಲೇ ಮಾಡಬಹುದಾದ ಒಂದು ಸುಲಭದ ಉಪಾಯವೂ ಹೊಳೆಯಿತು. ಆದರೆ ಮಧ್ಯಾಹ್ನವಷ್ಟೇ ಇವನಿಗೆ ಹೀಟರ್ ಹಚ್ಚಲು ಬರುವುದಿಲ್ಲ ಅಂತ ಗಿರಾಕಿಗಳ ಎದುರಿಗೆ ಬೈದಿದ್ದೆ. ಈಗ ಅವನ ಹೆಂಡತಿಯ ಎದುರಿಗೆ, ತಪ್ಪು ನಂದು ಅಂತ ಹೇಗೆ ಹೇಳುವುದು? ಇವನೊಬ್ಬನಿಗೆ ಹೇಳಿದರೆ ಉಳಿದ ಅರವತ್ತು ಗಾಡಿಯವರೂ ಬಂದು ಕೇಳುತ್ತಾರೆ. ಅದೆಲ್ಲ ಒಂದು ನಿಮಿಷದಲ್ಲಿ ತಲೆಯಲ್ಲಿ ಓಡಿತು. ಎರಡನ್ನೂ ನುಂಗಿಕೊಂಡೆ.

"ಒಳಗ ಹೀಟರಿನ ಜಾಳಿಗಿ ಜಾಮ್ ಆಗ್ಯದ," ಅಂದೆ. "ಗುರುವಾರ ಗಾಡಿ ನನ್ನ ಕಡೆ ಬಿಡು. ಬಿಚ್ಚಿ ತೊಳಿತೇನಿ."

"ಆಗ್ತದಲ್ರಿ ಅಣ್ಣಾ?" ಅಂತ ಕೇಳಿದ್ದು ಅವಳು.

"ಆಗ್ತದ ತಂಗಿ," ಅಂದೆ.

ನನ್ನ ಲೆಕ್ಕ ಹೀಗಿತ್ತು. ಜಾಳಿಗೆ ತೊಳೆಯುವ ನೆಪದಲ್ಲಿ ಗಾಡಿ ಇಟ್ಟುಕೊಂಡು, ಸದ್ದಿಲ್ಲದೆ ವಾಲ್ವ್ ಕೂಡಿಸಿಬಿಡುವುದು. ಯಾರಿಗೂ ತಿಳಿಯುವುದಿಲ್ಲ, ಹೀಟರೂ ಕಾಯುತ್ತದೆ. ಗುರುವಾರ ಹೆಂಡತಿಯನ್ನು ದವಾಖಾನೆಗೆ ಬಿಟ್ಟು ದತ್ತಾತ್ರಿ ಜೀಪು ತಂದ. ನಂಬಿಸಲು ನಾನು ಡ್ಯಾಶ್‌ಬೋರ್ಡ್ ಬಿಚ್ಚಿ ಹರವಿದೆ. ಅವನು ಚಹಾ ಕುಡಿಯಲು ಹೋದಾಗ ತಂತಿಯಿಂದ ಅವನ ವಾಲ್ವ್ ಬಿಚ್ಚಿಕೊಂಡು ಹಿಂದಿನ ಒಲೆಯ ಮೇಲೆ ಕುದಿಯುವ ನೀರಿನಲ್ಲಿ ಹಾಕಿದೆ. ತೆರೆಯಲಿಲ್ಲ. ಕೆಟ್ಟದ್ದೆಂದೇ ಕಿತ್ತದ್ದು, ಹೇಗೆ ತೆರೆದೀತು? ಆ ಅಳತೆಯ ಇನ್ನೂ ಮೂರು ಇದ್ದವು. ಒಂದೂ ತೆರೆಯಲಿಲ್ಲ. ಬೀದರಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆಲ್ಲ ಫೋನ್ ಮಾಡಿದೆ. ಅಷ್ಟು ಹಳೆಯ ಗಾಡಿಯದು ಇಲ್ಲ, ತರಿಸಲು ಹದಿನೈದು ದಿನ ಅಂದರು.

ಅಷ್ಟರಲ್ಲಿ ಐದಾಯಿತು. ಡ್ಯಾಶ್‌ಬೋರ್ಡಿನ ತುಂಡುಗಳು ನೆಲದ ಮೇಲೆ ಬಿದ್ದಿದ್ದವು. ಕೂಡಿಸಲು ಇನ್ನೂ ಮೂರು ತಾಸು ಬೇಕು. ದತ್ತಾತ್ರಿ ಗಾಡಿಯನ್ನೂ ನನ್ನನ್ನೂ ನೋಡಿದ. "ಇರ್ಲಿ ಬಿಡ್ರಿ, ಇವತ್ತೊಂದಿನ ಬಸ್ಸಿಗೆ ಕರಕೊಂಡು ಹೋಗ್ತೇನಿ. ನಾಳಿ ಬಂದು ಗಾಡಿ ಒಯ್ತೇನಿ," ಅಂದ. ನಾನು ಹೂಂ ಅಂದೆ. ಬೇರೆ ಗಾಡಿ ಮಾಡಿ ಕಳಿಸಬಹುದಿತ್ತು. ಅವತ್ತು ನನಗೆ ಅವರಿಬ್ಬರೂ ಕಣ್ಣೆದುರಿಂದ ಹೋದರೆ ಸಾಕಾಗಿತ್ತು.

ಬಸ್ಸಿನಲ್ಲಿ ಸಿಕ್ಕಿದ್ದು ಬಾಗಿಲ ಪಕ್ಕದ ಸೀಟು. ಸಂತಪುರದಲ್ಲಿ ಇಳಿದು, ಕುಶನೂರದ ಗಾಡಿ ಬರುವವರೆಗೆ ಮುಕ್ಕಾಲು ತಾಸು ರಸ್ತೆಯ ಪಕ್ಕದಲ್ಲಿ ಕೂತಿದ್ದರಂತೆ. ಮನೆ ಮುಟ್ಟಿದಾಗ ಅವಳಿಗೆ ತುಟಿ ಕೂಡಿಸಲೂ ಆಗಿರಲಿಲ್ಲವಂತೆ. ಇದನ್ನು ಮರುದಿನ ಗಾಡಿ ಒಯ್ಯಲು ಬಂದ ದತ್ತಾತ್ರಿ ಹೇಳಿದ. ದೂರಿನಂತೆ ಹೇಳಲಿಲ್ಲ, ನಡೆದದ್ದು ಹೇಳಿದ ಅಷ್ಟೇ. ನಾನು ಜಾಳಿಗೆ ತೊಳೆದಿದ್ದೇನೆ, ನೋಡೋಣ ಅಂದೆ.

ಸೋಮವಾರ ಅವನ ದಾರಿ ಕಾಯುತ್ತಿದ್ದೆ. ಬದಲಿಗೆ ಫೋನ್ ಬಂತು.

"ಬರಂಗಿಲ್ಲ ಅಂತಾಳ್ರಿ ಅಣ್ಣಾ. ಗಾಡಿ ಹತ್ತಾಕೇ ತಯಾರಿಲ್ಲ. ಹೀಟರ್ ರಿಪೇರಿ ಆಗ್ಯದ ಅಂದ್ರೂ ನಂಬವಲ್ಳು. ಕೈಲಾಶ ಹೇಳಿದ, ನಾ ಹೇಳಿದೆ, ಪುಣೆಯಿಂದ ಮಗಳು ಮೇಘಾ ಫೋನಿನ್ಯಾಗ ಅತ್ತಳು. ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾಳ."

ಫೋನ್ ಇಟ್ಟು ತಂತಿಯ ಕೆಳಗೆ ಕೂತೆ. ಮಧ್ಯಾಹ್ನ ಬುತ್ತಿ ತಂದ ನನ್ನ ಹೆಂಡತಿ ಈರಮ್ಮ ಮುಖ ನೋಡಿ ಏನಾಯಿತು ಅಂದಳು. ಹೇಳಿದೆ. ಅವಳಿಗೆ ವಾಲ್ವ್ ಗೀಲ್ವ್ ತಿಳಿಯುವುದಿಲ್ಲ, ಆದರೆ ನನ್ನ ಮನಸ್ಸು ತಿಳಿಯುತ್ತದೆ. "ಭಾಲ್ಕಿಗೆ ಹೋಗ್ರಿ," ಅಂದಳು ಬುತ್ತಿ ಬಿಚ್ಚುತ್ತಾ. "ಅಲ್ಲಿ ಇದ್ದೇ ಇರ್ತದ. ನಿಮಗದು ಗುರುವಾರಾನೇ ಗೊತ್ತಿತ್ತು."

ಅವಳು ಹೇಳಿದ್ದು ನಿಜ. ಹಳೆಯ ಗಾಡಿಯ ಸಾಮಾನು ಈ ಜಿಲ್ಲೆಯಲ್ಲಿ ಒಬ್ಬರ ಹತ್ತಿರ ಇದ್ದೇ ಇರುತ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು. ಆ ಒಬ್ಬರಿಗೆ ಮಾತ್ರ ನಾನು ಫೋನ್ ಮಾಡಿರಲಿಲ್ಲ.

ಮಂಗಳವಾರ ಮುಂಜಾನೆ ಭಾಲ್ಕಿಗೆ ಹೋದೆ. ಉಸ್ತಾದರು ಬಿಸಿಲಿಗೆ ಖುರ್ಚಿ ಹಾಕಿಕೊಂಡು ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಕೈ ಸ್ವಲ್ಪ ನಡುಗುತ್ತಿತ್ತು. ಆರು ವರ್ಷದ ಮೇಲೆ ಬಂದವನನ್ನು ನಿನ್ನೆ ಹೋಗಿ ಇವತ್ತು ಬಂದವನಂತೆ ಕಂಡರು. ನನಗೆ ಅವರ ಬೈಗುಳವೇ ಬೇಕಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ.

ಅವರು ಒಳಗೆ ಹೋಗಿ, ಒಂದು ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿ ಬಹಳ ಹೊತ್ತು ಹುಡುಕಿ, ಎಣ್ಣೆ ಕಾಗದದಲ್ಲಿ ಸುತ್ತಿದ ವಾಲ್ವ್ ತಂದರು. ಚಹಾದ ಪಾತ್ರೆಯಲ್ಲಿ ನೀರು ಕಾಯಿಸಿ ಅದನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟರು. ನನಗೆ ಹದಿನಾರು ವರ್ಷವಾಗಿದ್ದಾಗ ಇದೇ ರೀತಿ ತೋರಿಸಿದ್ದರು. ಇಬ್ಬರೂ ಬಾಗಿ ನೋಡಿದೆವು. ನೀರು ಕುದಿಯ ಹತ್ತಿರ ಬಂದಾಗ ವಾಲ್ವ್ ನಿಧಾನಕ್ಕೆ ಬಾಯಿ ತೆರೆಯಿತು.

"ಛಲೋ ಅದ," ಅಂದರು ಉಸ್ತಾದ್. ಒರೆಸಿ ನನ್ನ ಕೈಗೆ ಇಡುವಾಗ ಕೇಳಿದರು, "ಇದು ಸಿಗೋತನಕರ ರೇಡಿಯೇಟರಿನ ಮುಂದ ಒಂದು ರಟ್ಟು ಕಟ್ಟಿದ್ದೆ ಇಲ್ಲೋ?"

ಅಂದು ಜೀಪಿನಲ್ಲಿ ನನಗೆ ಹೊಳೆದ ಉಪಾಯ ಅದೇ. ಕಿರಾಣಿ ಅಂಗಡಿಯವನು ಬಿಸಾಡುವ ಡಬ್ಬಿಯ ಒಂದು ರಟ್ಟು. ರೇಡಿಯೇಟರಿಗೆ ಗಾಳಿ ತಾಗದಂತೆ ಅದನ್ನು ಕಟ್ಟಿದ್ದರೆ ನೀರು ಬಿಸಿಯಾಗಿ ಉಳಿಯುತ್ತಿತ್ತು, ಹೀಟರ್ ಕಾಯುತ್ತಿತ್ತು. ಗುರುವಾರ ಗಾಡಿ ಬಿಚ್ಚುವುದು ಬೇಕಿರಲಿಲ್ಲ, ಅವಳು ಬಸ್ಸು ಹತ್ತುವುದು ಬೇಕಿರಲಿಲ್ಲ. ರಟ್ಟು ಕಟ್ಟಿದರೆ ಯಾಕೆ ಅಂತ ದತ್ತಾತ್ರಿ ಕೇಳುತ್ತಾನೆ, ಕೇಳಿದರೆ ವಾಲ್ವಿನ ಮಾತು ಬರುತ್ತದೆ. ಅದಕ್ಕೇ ಕಟ್ಟಿರಲಿಲ್ಲ. ಉಸ್ತಾದರು ನನ್ನ ಮುಖ ನೋಡಿದರು. ಅವರ ಎದುರಿಗೆ ನಾನು ಅತ್ತೆ. ಐವತ್ತೆರಡು ವರ್ಷದ ಗಂಡಸು, ಭಾಲ್ಕಿಯ ನಡುಬಜಾರಿನಲ್ಲಿ, ಹಗಲು ಹೊತ್ತಿನಲ್ಲಿ.

"ಮೊದಲ ಹೋಗಿ ಹಾಕು," ಅಂದರು ಅವರು. "ಆಮ್ಯಾಲ ಅಳು."

ಬೀದರಿಗೆ ಮುಟ್ಟಿ ಅಳತೆಯ ಪ್ಯಾಕಿಂಗ್ ಹುಡುಕುವಷ್ಟರಲ್ಲಿ ಕತ್ತಲಾಗಿತ್ತು. ಬುಧವಾರ ಬೆಳಗ್ಗೆ ಪಾನಾ-ಸ್ಪ್ಯಾನರುಗಳ ಚೀಲ ಹೊತ್ತು ಠಾಣಾ ಕುಶನೂರಕ್ಕೆ ಹೋದೆ. ಮನೆಯ ಮುಂದೆಯೇ ಬಾನೆಟ್ ಎತ್ತಿದೆ. ವಾಲ್ವಿನ ಜಾಗದ ಮುಚ್ಚಳದ ಎರಡು ಬೋಲ್ಟ್ ಬಿಚ್ಚಿ, ವಾಲ್ವ್ ಕೂಡಿಸಿ, ಹೊಸ ಪ್ಯಾಕಿಂಗ್ ಹಾಕಿ ಬಿಗಿದೆ. ಒಟ್ಟು ಇಪ್ಪತ್ತೈದು ನಿಮಿಷ. ಜೀಪನ್ನು ದತ್ತಾತ್ರಿಗೆ ಕೊಟ್ಟು ಔರಾದ ಹಾದಿಯಲ್ಲಿ ಐದಾರು ಕಿಲೋಮೀಟರ್ ಜೋರಾಗಿ ಓಡಿಸಿಕೊಂಡು ಬಾ ಅಂದೆ. ತಿರುಗಿ ಬಂದವನು ಬಾಗಿಲು ತೆರೆದು ನನ್ನ ಕೈ ಹಿಡಿದು ಒಳಗೆ ಎಳೆದ. ಒಳಗೆ ಬಾಣಂತಿ ಕೋಣೆಯಂತೆ ಬೆಚ್ಚಗಿತ್ತು.

ಚಂದ್ರಭಾಗಾಳನ್ನು ಕೈಲಾಶ ಹಿಡಿದು ಕರೆತಂದ. ಒಂದು ಪಾಳಿ ತಪ್ಪಿ, ಕೊನೆಯ ಸಲ ರಕ್ತ ತೊಳೆದು ಆರು ದಿನವಾಗಿತ್ತು. ಮುಖ ಬಾತಿತ್ತು, ಕಾಲು ಬಾತಿದ್ದವು. ಹತ್ತು ಹೆಜ್ಜೆಗೆ ಎರಡು ಸಲ ನಿಂತು ಉಸಿರೆಳೆದುಕೊಂಡಳು. ನಂಬಿಕೆಯಿಲ್ಲದೆಯೇ ಸೀಟಿನಲ್ಲಿ ಕೂತಳು. ಬಿಸಿ ಗಾಳಿ ಕಾಲಿಗೆ ತಾಕಿದಾಗ ಕಣ್ಣು ಮುಚ್ಚಿದಳು. ಆಮೇಲೆ ಹೊದ್ದಿದ್ದ ಎರಡು ಕಂಬಳಿಗಳಲ್ಲಿ ಒಂದನ್ನು ತಾನೇ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಏನ್ ಹಾಕಿದ್ರಿ ಅಣ್ಣಾ?" ಅಂತ ಕೇಳಿದಳು.

"ಒಂದು ವಾಲ್ವ್ ಅದ ತಂಗಿ. ಮೊದಲು ಇದರಾಗೇ ಇತ್ತು. ಬ್ಯಾಸಗಿಯಾಗ ನಾನೇ ಕಿತ್ತಿದ್ದೆ."

"ಅದು ಇಲ್ದಕ್ಕೇ ಥಂಡ್ ಇತ್ತೇನ್ರಿ?"

"ಹೂಂ."

"ನಿಮಗ ಯಾವಾಗ ಗೊತ್ತಾಯ್ತು?"

ದತ್ತಾತ್ರಿ ಪಕ್ಕದಲ್ಲೇ ನಿಂತಿದ್ದ. ಈ ಸಲ ನಾನು ನುಂಗಿಕೊಳ್ಳಲಿಲ್ಲ. "ನಿಮ್ಮ ಸಂಗಡ ಸಂತಪುರತನಕ ಬಂದ ದಿನಾನೇ," ಅಂದೆ.

ಅವಳ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ನಡೆಯಿತು. ಸೋಮವಾರ, ಬಸ್ಸು ಹತ್ತಿದ ಗುರುವಾರ, ಹೋಗದ ಸೋಮವಾರ. ಎಣಿಸಿ ಮುಗಿದ ಮೇಲೆ ಕೈಯನ್ನು ಕಂಬಳಿಯ ಕೆಳಗೆ ಇಟ್ಟುಕೊಂಡಳು.

"ಅವತ್ತೇ ಯಾಕ ಹೇಳಲಿಲ್ರಿ?" ಅಂದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಂತಿತ್ತು.

ತಲೆ ತಗ್ಗಿಸಿ ನಿಂತೆ. ದತ್ತಾತ್ರಿ ಮೆಲ್ಲಗೆ ಜೀಪಿನ ಆಚೆ ಬದಿಗೆ ಹೋಗಿ, ಗೋಡೆಗೆ ಕೈಯೂರಿ ನಿಂತುಬಿಟ್ಟ. ಅವನು ನನಗೆ ಒಂದು ಹೊಡೆದಿದ್ದರೆ ಚೆನ್ನಾಗಿತ್ತು.

"ಇರ್ಲಿ ಬಿಡ್ರಿ. ಈಗ ಬೆಚ್ಚಗದ," ಅಂದಳು ಚಂದ್ರಭಾಗಾ. "ನಾಳಿ ಪಾಳಿಗೆ ಹೋಗ್ತೇನಿ."

ನಾಳೆಯವರೆಗೆ ಕಾಯುವುದು ಬೇಡ ಅಂದೆ. ಅವಳ ಉಸಿರು ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಆಗಲೇ ಹೊರಟೆವು. ನಾನೂ ಕೈಲಾಶನೂ ಹಿಂದೆ. ಹಾದಿಯುದ್ದಕ್ಕೂ ಮುಳ್ಳು ನಡುವಿನಲ್ಲಿ ನೆಟ್ಟಗೆ ನಿಂತಿತ್ತು, ನಾನು ಅದನ್ನೇ ನೋಡುತ್ತಿದ್ದೆ. ಸಂತಪುರ ದಾಟುವಷ್ಟರಲ್ಲಿ ಅವಳಿಗೆ ಕೂತಲ್ಲೇ ನಿದ್ದೆ ಹತ್ತಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಾ ನಿದ್ದೆ ಮಾಡಿದಳು. ಕಣ್ಣಿಗೆ ನಿದ್ದೆ ಹತ್ತಿ ನಾಲ್ಕು ದಿನವಾಗಿತ್ತು ಅಂದ ದತ್ತಾತ್ರಿ, ಯಾರಿಗೂ ಅಲ್ಲದಂತೆ. ಅವನು ರಸ್ತೆಯ ತಗ್ಗು ತಪ್ಪಿಸಿ ತಪ್ಪಿಸಿ ಓಡಿಸುತ್ತಿದ್ದ.

ದವಾಖಾನೆಯ ಮುಂದೆ ಇಂಜಿನ್ ಬಂದ್ ಮಾಡಲು ಚಾವಿಗೆ ಕೈ ಹಾಕಿದಾಗ ಅವಳಿಗೆ ಎಚ್ಚರವಾಯಿತು. "ಬಂದ್ ಮಾಡಬ್ಯಾಡ್ರಿ," ಅಂದಳು. "ಇನ್ನೊಂದು ಜರಾ ಕೂಡ್ತೇನಿ."

ಕೂತೆವು. ಎರಡು ನಿಮಿಷವೋ ಮೂರು ನಿಮಿಷವೋ. ಆಮೇಲೆ ಅವಳೇ ಬಾಗಿಲು ತೆರೆಯಲು ಹೇಳಿದಳು.

ಒಳಗಿನವರು ತಡಮಾಡಲಿಲ್ಲ, ಪಾಳಿಯಲ್ಲದಿದ್ದರೂ ತಕ್ಷಣ ಯಂತ್ರ ಹಚ್ಚಿದರು. ಎದೆಯಲ್ಲಿ ನೀರು ಬಹಳ ತುಂಬಿದೆ, ಎರಡು ದಿನ ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಅಂದರು ಡಾಕ್ಟರು. ನಾನು ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು ಆ ಎರಡು ದಿನಗಳನ್ನು ಲೆಕ್ಕ ಹಾಕಿದೆ. ಹೇಗೆ ಲೆಕ್ಕ ಹಾಕಿದರೂ ನನ್ನ ಗ್ಯಾರೇಜಿಗೇ ಬಂದು ನಿಲ್ಲುತ್ತಿತ್ತು. ಮರುದಿನ, ಗುರುವಾರ, ಮುಂಜಾನೆ ಹನ್ನೊಂದಕ್ಕೆ ಅವಳ ಎದೆಬಡಿತ ನಿಂತಿತು.

ಕಾಗದಪತ್ರ ಮುಗಿಸಿ ಅವಳನ್ನು ನಮ್ಮ ಕೈಗೆ ಕೊಡುವಷ್ಟರಲ್ಲಿ ಐದಾಯಿತು. ಪಾಳಿ ಮುಗಿಸಿ ಅವಳು ಹೊರಗೆ ಬರುತ್ತಿದ್ದ ಹೊತ್ತು. ಜೀಪಿನ ಹಿಂದಿನ ಸೀಟುಗಳನ್ನು ಮಡಚಿ ಮಲಗಿಸಿದೆವು. ಅವಳ ಅದೇ ಎರಡು ಕಂಬಳಿಗಳಲ್ಲಿ ಒಂದನ್ನು ಕೆಳಗೆ ಹಾಸಿ, ಒಂದನ್ನು ಹೊದಿಸಿದರು. ಕೈಲಾಶ ಅತ್ತಿಗೆಯ ತಲೆಯ ಹತ್ತಿರ ಕೂತ. ಓಡಿಸಲು ಬೇರೆಯವರನ್ನು ಕರೆಯುತ್ತೇನೆ ಅಂದರೆ ದತ್ತಾತ್ರಿ ಕೇಳಲಿಲ್ಲ. ಉಳಿದದ್ದು ಮುಂದಿನ ಸೀಟು. ನನಗೆ ಅಲ್ಲಿ ಕೂಡುವ ಮನಸ್ಸಿರಲಿಲ್ಲ, ಆದರೆ ಅವನನ್ನು ಒಬ್ಬನೇ ಬಿಡುವಂತೆಯೂ ಇರಲಿಲ್ಲ. ಅವಳ ಜಾಗದಲ್ಲಿ ಕೂತೆ.

ಊರು ದಾಟಿದ ಮೇಲೆ ದತ್ತಾತ್ರಿಯ ಎಡಗೈ ತಾನಾಗಿ ಮುಂದೆ ಬಂದು ಹೀಟರಿನ ಗುಂಡಿಯನ್ನು ಪೂರ್ತಿ ತಿರುಗಿಸಿತು. ಅವನು ನೋಡಿ ಮಾಡಿದ್ದಲ್ಲ, ಮೂರು ವಾರದ ರೂಢಿ. ಸ್ವಲ್ಪ ಹೊತ್ತಿನಲ್ಲೇ ನನ್ನ ಕಾಲಿಗೆ ಬಿಸಿ ತಾಕಿತು. ಆಮೇಲೆ ಮೊಣಕಾಲಿಗೆ. ಹೊರಗೆ ತೊಗರಿ ಹೊಲಗಳ ಮೇಲೆ ಮಂಜು ಇಳಿಯುತ್ತಿತ್ತು. ನನ್ನ ಬಾಳಿನಲ್ಲಿ ನಾನು ಸರಿ ಮಾಡಿದ ಯಾವ ಕೆಲಸವೂ ನನಗೆ ಇಷ್ಟು ಹಿಂಸೆ ಕೊಟ್ಟಿಲ್ಲ.

"ಅಣ್ಣಾ," ಅಂದ ಕೈಲಾಶ ಹಿಂದಿನಿಂದ. "ಒಳಗ ಬಿಸಿ ಆಗಬಾರ್ದೋ. ಮೇಘಾ ಪುಣೆಯಿಂದ ಬಂದು ಮುಟ್ಟೋದು ನಾಳಿ ಮುಂಜಾನಿ. ಅಲ್ಲೀತನಕ ಇಡಬೇಕು."

ದತ್ತಾತ್ರಿಗೆ ಕೇಳಿಸಿತೋ ಇಲ್ಲವೋ. ಅವನು ಹಾದಿ ನೋಡುತ್ತಾ ಓಡಿಸುತ್ತಿದ್ದ. ಕೈಲಾಶ ಎರಡನೇ ಸಲ ಹೇಳಲಾರದೆ ನನ್ನ ಭುಜ ಮುಟ್ಟಿದ. ನಾನು ಗುಂಡಿಯ ಕಡೆ ಕೈ ಚಾಚಿದೆ.

"ಅಕಿಗೆ ಥಂಡಿ ಆಗ್ತದರಿ ಅಣ್ಣಾ," ಅಂದ ದತ್ತಾತ್ರಿ. ನನ್ನ ಕೈಯನ್ನು ತಡೆಯಲಿಲ್ಲ.

ಹೀಟರ್ ಬಂದ್ ಮಾಡಿದೆ. ಅಷ್ಟು ಸಾಲದಾಗಿತ್ತು, ಒಳಗೆ ಬಿಸಿ ಆಗಲೇ ತುಂಬಿತ್ತು. ಕಿಟಕಿಗೆ ಅವನು ಬಡಿದಿದ್ದ ಕಂಬಳಿಯನ್ನು ಒಂದೊಂದೇ ಮೊಳೆ ಕಿತ್ತು ಬಿಡಿಸಿ, ಗಾಜು ಇಳಿಸಿದೆ. ಗಾಳಿ ನುಗ್ಗಿತು. ಠಾಣಾ ಕುಶನೂರ ಮುಟ್ಟುವವರೆಗೆ ಮೂವರೂ ನಡುಗುತ್ತಾ ಕೂತಿದ್ದೆವು.